ದ್ರಾಕ್ಷಿ ವಿಘ್ನೇಶ್ವರನಿಗೆ ಒಬ್ಬ ಸಾಕ್ಷಿ

ತಮಿಳು ಸೀಮೆಯಲ್ಲಿದ್ದೂ ಮನೆಯೊಳಗೆ ಕನ್ನಡವನ್ನೇ ಆಡುತ್ತಾ, ಕಂಬಂ ಕಣಿವೆಯಿಂದ ದಿಂಡಿಗಲ್ ತನಕ ಹರಡಿಕೊಂಡಿರುವ ನಮ್ಮ ಸಮಸ್ತ ಬಂಧುಬಾಂಧವರಿಗೆ, ಪಂಗಾಳಿ ದಾಯಾದಿಗಳಿಗೆ, ಮಾಮ-ಮಚ್ಚಾನರಿಗೆ ಪರಮ ಗಾಂಭೀರ್ಯದಿಂದ ತಿಳಿಯಪಡಿಸುವುದೇನೆಂದರೆ, ವೇದಸಂದೂರಿನ ಕಾಳಿಮುತ್ತು ದೊಡ್ಡಪ್ಪನವರ ಮೊಮ್ಮಗಳಿಗೆ ಕಿವಿ ಚುಚ್ಚಿದ ಭಾನುವಾರ, ಮಟಮಟ ಮಧ್ಯಾಹ್ನ, ಸರ್ವರ ಸಮಕ್ಷಮದಲ್ಲಿ, ಕಂಬಂ ದ್ರಾಕ್ಷಿತೋಟದ ಶ್ರೀ ವಿಘ್ನೇಶ್ವರನ್ ಅವರು ಒಂದು ಲೋಟ ಮಜ್ಜಿಗೆ ಕುಡಿದರು.

ಉಪ್ಪು ಹಾಕಿದ್ದು. ಕರಿಬೇವೂ ಇತ್ತು.

ನೀವು ಹೊರಗಿನೋರಾದ್ರೆ, ಇದೂ ಒಂದು ಸುದ್ದಿನಾ ಅಂತೀರ. ಅಲ್ಲಿ ಇದ್ದಿದ್ರೆ ಗೊತ್ತಾಗ್ತಿತ್ತು. ಬಡಿಸ್ತಾ ಇದ್ದೋನ ಕೈಯಿಂದ ಸೌಟು ಬಿತ್ತು. ನಮ್ಮಲ್ಲಿ ಕುರಿ ಕಡಿದು ಊಟ ಹಾಕಿದ್ರೆ ಗಂಡಸರು ಎಲೆ ಮುಂದೆ ಕೂರೋಕೆ ಮುಂಚೆ ತೆಂಗಿನಗರಿ ಶೆಡ್ಡಿನ ಹಿಂದೆ ಹೋಗಿ 'ಬಾಯಿ ತೊಳ್ಕೊಂಡು' ಬರೋದು ವಾಡಿಕೆ. ಆ ಶೆಡ್ಡಿಗೆ ವಿಘ್ನೇಶ್ವರನ್ ಹೆಸರಿಗೆ ತಕ್ಕ ದೇವರು: ಮೊದಲ ಪೂಜೆ ಅವನಿಗೇ. ಅವನು ಬರದೆ ಯಾರೂ ಮುಚ್ಚಳ ತಿರುಗಿಸ್ತಿರಲಿಲ್ಲ. ಅಂಥೋನು ಮಜ್ಜಿಗೆ ಅಂಡೆ ಹತ್ರ, ಹೆಂಗಸರ ಸಾಲಲ್ಲಿ, ಲೋಟ ಹಿಡಿದು ನಿಂತಿದ್ದ. ಶೆಡ್ಡಿನ ಹಿಂದಿನೋರೆಲ್ಲ ಮುಂದಕ್ಕೆ ಬಂದರು.

"ಏನ್ ಮಾಪಿಳ್ಳೆ, ಕಾಮಾಲೆನಾ?" ಊರಿನ ಅಳಿಯ ಅಲ್ವಾ, ಎಲ್ಲರಿಗೂ ಅವನು ಮಾಪಿಳ್ಳೆನೇ.

"ಇಲ್ಲಣ್ಣೋ."

"ಸಕ್ಕರೆನಾ?"

"ಅದೂ ಇಲ್ಲ."

"ಹಂಗಾದ್ರೆ ಡಾಕ್ಟ್ರು ದಿನ ಕೊಟ್ಬಿಟ್ಟಿದಾರೆ ಕಣ್ರೋ," ಅಂತ ಒಬ್ಬ ಅಳೋಕೇ ಶುರು ಮಾಡ್ದ. ಅವನು ಎರಡು ಸಲ ಬಾಯಿ ತೊಳ್ಕೊಂಡಿದ್ದ.

"ಬಿಟ್ಟಿದೀನಿ," ಅಂದ ವಿಘ್ನೇಶ್ವರನ್. "ಅಷ್ಟೇ."

ಆಗಿದ್ದೇನಪ್ಪಾ ಅಂದ್ರೆ, ಅದಕ್ಕೆ ಮುಂಚಿನ ವಾರ ಅವನು ತೋಟಕ್ಕೆ ನೀರು ಬಿಟ್ಟು, ತಾನೂ ಒಳಗೆ ಬಿಟ್ಟುಕೊಂಡು, ಕಾಲುವೆಯಲ್ಲಿ ಮಲಗಿಬಿಟ್ಟಿದ್ದ. ನೀರು ಮೂಗಿನ ತನಕ ಬಂದಿತ್ತು. ಹೆಂಡತಿ ಅಮುದಾ ಜುಟ್ಟು ಹಿಡಿದು ಎಳೆದು ಹಾಕಿದ್ಲು. ಅಮುದ ಅಂದ್ರೆ ಅಮೃತ. ಅಮೃತ ಮನೇಲಿಟ್ಕೊಂಡು ಹಾಲಾಹಲಕ್ಕೆ ಸಾಲಲ್ಲಿ ನಿಲ್ತಿದ್ದೋನು ಇವನು. ಅವಳು ಬಯ್ಯಲಿಲ್ಲ, ಅಳಲಿಲ್ಲ. ಒದ್ದೆ ಸೀರೆ ಬದಲಾಯಿಸಿ, ಬಸ್ಸು ಹತ್ತಿ, ವೇದಸಂದೂರಿನ ಅಮ್ಮನ ಮನೆಗೆ ಹೋಗಿ ಅಲ್ಲೇ ನೂಲಿನ ಮಿಲ್ಲಲ್ಲಿ ಕೆಲಸಕ್ಕೆ ಸೇರ್ಕೊಂಡಳು.

ಆ ಅಮುದಾ ಈಗ ಮಜ್ಜಿಗೆ ಅಂಡೆಯ ಆಚೆ ಕಡೆ ನಿಂತಿದ್ಲು. ಎಲ್ಲರೂ ಅವಳ ಮುಖ ನೋಡಿದರು.

"ಇವತ್ತು ಮಜ್ಜಿಗೆ, ಸರಿ," ಅಂದ್ಲು. "ಒಂದು ಬೆಳೆ. ದ್ರಾಕ್ಷಿ ಕಡ್ಡಿ ಕತ್ತರಿಸೋ ಕವಾತಿಂದ ಹಿಡಿದು ಕೊಯ್ಲಿನ ತನಕ ಒಂದು ಬೆಳೆ ಪೂರ್ತಿ ಒಂದು ತೊಟ್ಟು ಮುಟ್ಟಬಾರ್ದು. ನಮ್ಮ ಕಡೆಯೋರು ಒಬ್ರು ಕಣ್ಣಾರೆ ನೋಡಿ, ಇದೇ ಅಂಗಳದಲ್ಲಿ ನಿಂತು ಹೌದು ಅನ್ನಬೇಕು. ಅವತ್ತೇ ಹೊರಡ್ತೀನಿ. ಇವರ ಬಾಯಿಮಾತು ಬೇಡ. ಆ ಬಾಯಿ ನನಗೆ ಗೊತ್ತು."

ಕಾಳಿಮುತ್ತು ದೊಡ್ಡಪ್ಪ ಅಂದ್ರೆ ಅಮುದಾಳ ಅಪ್ಪನ ಅಣ್ಣ. ಕೋರ್ಟಿನಲ್ಲಿ ಡಫೇದಾರನಾಗಿ, ಮೂವತ್ತು ವರ್ಷ ಜಡ್ಜಿನ ಬಾಗಿಲು ತೆಗೆದೂ ತೆಗೆದೂ, ಒಳಗಿದ್ದ ಕಾನೂನೆಲ್ಲ ಗಾಳಿ ಜೊತೆ ಹೀರಿಕೊಂಡೋರು. ಟವಲ್ ಕೊಡವಿ ಎದ್ದರು.

"ಷರತ್ತು ದಾಖಲಾಯ್ತು. ಕಣ್ಣಾರೆ. ಒಂದು ಬೆಳೆ. ನಮ್ಮ ಕಡೆ ಸಾಕ್ಷಿ. ಊಟಕ್ಕೇಳಿ."

ಹಿಂಗೆ ಮದ್ಯ ಬಿಟ್ಟೋನು ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡ.

ಯೋಚನೆ ಮಾಡಿ. ಕುಡಿದಿದ್ದಕ್ಕೆ ಸಾಕ್ಷಿ ಬೇಕು ಅಂದ್ರೆ ಕಂಬಂ ಬಸ್ ಸ್ಟ್ಯಾಂಡೇ ಎದ್ದು ಬಂದು ಹೇಳುತ್ತೆ. ಕುಡಿಯದೇ ಇದ್ದಿದ್ದಕ್ಕೆ ಯಾರನ್ನ ಕರಕೊಂಡು ಬರೋದು? ಅಮುದಾ ಕಡೆಯೋರು ಕಂಬಂ ಕಡೆಗೆ ಬರ್ತಾ ಇದ್ದಿದ್ದೇ ಇವನ ಜೊತೆ ಕುಡಿಯೋಕೆ. ಇವನು ಬಿಟ್ಟ ಅಂತ ಕೇಳಿದ ಮೇಲೆ ಬಸ್ ಚಾರ್ಜ್ ದಂಡ ಅಂತ ಅವರೂ ಬರೋದು ಬಿಟ್ಟರು. ದ್ರಾಕ್ಷಿ ಬೆಳೆಯೋದು ಗೊತ್ತಿದ್ದೋನಿಗೆ ಸಾಕ್ಷಿ ಬೆಳೆಯೋದು ಗೊತ್ತಿರಲಿಲ್ಲ.

ಅದಕ್ಕಿಂತ ಮುಂಚಿನ ಪ್ರಶ್ನೆ ಬಿಡೋದು ಹೆಂಗೆ ಅನ್ನೋದು. ಕವಾತು ಮಾಡೋಕೆ ಕತ್ತರಿ ಹಿಡಿದ್ರೆ ಕೈ ನಡುಗಿ ಬೇಡದ ಕಡ್ಡಿ ಉಳೀತಿತ್ತು, ಬೇಕಾದ ಕುಡಿ ಬೀಳ್ತಿತ್ತು. ದೋಸ್ತುಗಳ ಹತ್ರ ಹೋಗಿ "ಬಿಡಬೇಕು ಮಚ್ಚಾ, ಕೈ ಹಿಡೀರೋ" ಅಂದ. ಅವರಿಗೆ ಕಣ್ಣು ತುಂಬಿ ಬಂತು. "ಒಳ್ಳೇ ನಿರ್ಧಾರ ಮಚ್ಚಾ. ಈ ಖುಷಿಗೆ ಒಂದು ಹಾಕ್ಕೊಂಡೇ ಹೋಗು."

ಸರ್ಕಾರಿ ಆಸ್ಪತ್ರೆ ಡಾಕ್ಟ್ರಮ್ಮ ನಡುಗೋದಕ್ಕೆ ಮಾತ್ರೆ ಕೊಟ್ಟು, "ಒಬ್ರೇ ಬಿಡೋಕೆ ಹೋಗ್ಬೇಡಿ. ಬಿಟ್ಟೋರು ಸೇರೋ ಜಾಗ ಇದೆ. ವಾರಕ್ಕೊಂದ್ಸಲ ಹೋಗಿ ಕೂತ್ಕೊಳಿ. ಅಲ್ಲಿ ಕೇಳಿದ್ದು ಅಲ್ಲೇ ಇರುತ್ತೆ" ಅಂದರು. ಅಂಥ ಒಂದು ಕೂಟ ಅವನ ಮನೆಯಿಂದ ಎರಡು ಬೀದಿ ಆಚೆನೇ ಇತ್ತಂತೆ. ಅದಕ್ಕೇ ಅವನು ಅಲ್ಲಿಗೆ ಹೋಗಲಿಲ್ಲ. ಅಂಗಡಿಗೆ ಹೋಗೋವಾಗ ಲುಂಗಿ ಎತ್ತಿಕಟ್ಟಿ ರಾಜಬೀದೀಲಿ ಹೋಗ್ತಿದ್ದೋನು, ಬಿಡೋಕೆ ಹೋಗೋವಾಗ ನಾಚ್ಕೊಂಡ. ಗುರುತಿನೋರು ಯಾರೂ ಇರಬಾರ್ದು ಅಂತ ಒಂದು ಗುರುವಾರ ದಿಂಡಿಗಲ್ ಬಸ್ಸು ಹತ್ತಿದ.

ಬಸ್ ಸ್ಟ್ಯಾಂಡಿನ ಹಿಂದೆ, ಟೈಪಿಂಗ್ ಕಲಿಸೋ ಜಾಗದ ಮಹಡಿ ಮೇಲೆ ಒಂದು ದೊಡ್ಡ ಕೋಣೆ. ಪ್ಲಾಸ್ಟಿಕ್ ಕುರ್ಚಿ, ಗೋಣಿದಾರದಲ್ಲಿ ಕಟ್ಟಿದ ಫ್ಯಾನು, ನಡುವೆ ಒಂದು ದಪ್ಪ ಕಂಬ. ಕೂಟ ನಡೆಸೋನು ವೇಲು ಅಂತ, ಒಡ್ಡನ್‌ಛತ್ರಂ ಮಾರ್ಕೆಟ್ಟಿಂದ ತರಕಾರಿ ಲಾರಿ ಓಡಿಸೋನು. ತಮಿಳಲ್ಲಿ ನಮಸ್ಕಾರ ಹೇಳಿ, "ನಾನು ವೇಲು, ಕುಡುಕ. ಇವತ್ತು ಕುಡಿದಿಲ್ಲ. ಬೆಂಡೆಕಾಯಿ ಲೋಡು ಇಳಿಸಿ ಬಂದೆ" ಅಂತ ಶುರು ಮಾಡ್ದ. ಎಲ್ಲರೂ ತಲೆಯಾಡಿಸಿದರು. ವಿಘ್ನೇಶ್ವರನಿಗೆ ಉಸಿರು ಬಂತು. ಒಂದು ಮುಖವೂ ಗುರುತಿಲ್ಲ. ಕಂಬದ ಆಚೆ ಒಂದು ಹೆಂಗಸು ಇತ್ತು, ಸೆರಗಿನ ತುದಿ ಮಾತ್ರ ಕಾಣ್ತಿತ್ತು.

ಆ ಹೆಂಗಸಿನ ಸರದಿ ಬಂತು. ತಮಿಳಲ್ಲಿ ಹೇಳೋಕೆ ಶುರು ಮಾಡಿದ್ಲು. ಮೊದಲ ಪಿಳ್ಳೆ ಹೆತ್ತಾಗ ಶೀತ ಆಗಬಾರ್ದು ಅಂತ ಅಮ್ಮನೇ ಒಂದು ಮುಚ್ಚಳ ಬ್ರಾಂದಿ ಕೊಟ್ಟಿದ್ದು. ಶೀತ ಹೋಯ್ತು, ಬ್ರಾಂದಿ ಉಳೀತು. ಮಿಲ್ಲಲ್ಲಿ ನಿಂತೂ ನಿಂತೂ ಕಾಲು ಊದಿಕೊಂಡ್ರೆ ಬ್ರಾಂದಿ, ಗಂಡ ಸತ್ತ ಮೇಲೆ ನಿದ್ದೆಗೆ ಬ್ರಾಂದಿ. ಓಮಕಷಾಯ ಅಂತ ಹೇಳ್ಕೊಂಡು ಹಿತ್ತಾಳೆ ಲೋಟದಲ್ಲಿ ಎಲ್ಲರ ಮುಂದೇನೇ ಕುಡಿದಿದ್ದು. ಎರಡು ವರ್ಷದ ಹಿಂದೆ ಬಿಟ್ಟಿದ್ದು. ಅಷ್ಟು ಹೇಳಿ, ಮುಖ ಒರೆಸ್ಕೊಳ್ಳೋಕೆ ಸೆರಗಿನ ತುದಿನ ಕಂಬದ ಹಿಂದಕ್ಕೆ ಎಳ್ಕೊಂಡ್ಲು. ಆಗ ಅವಳ ಬಾಯಿಂದ ಮನೆಮಾತು ಜಾರಿತು.

"ನನ್ ಮಗಳ ಬಾಳೂ ಇದೇ ಬಾಟ್ಲೀಲಿ ಹೋಯ್ತಲ್ಲಪ್ಪೋ. ಇಂಥೋಳು ನಾನು ಆ ಮಾಪಿಳ್ಳೆನ ಬಯ್ಯಾಕೆ ಯಾವ ಬಾಯಲ್ಲಿ ಹೋಗ್ಲಿ?"

ದಿಂಡಿಗಲ್ಲಿನ ಮಹಡಿ ಮೇಲೆ ಕನ್ನಡ! ವಿಘ್ನೇಶ್ವರನ್, ನಮ್ಮೋರೇ ಯಾರೋ ಅಂತ, ದಡಕ್ಕನೆ ಕುರ್ಚಿಯಿಂದ ಎದ್ದ. ಕುರ್ಚಿ ಬಿತ್ತು. ಆ ಸದ್ದಿಗೆ ಹೆಂಗಸು ಕಂಬದ ಪಕ್ಕದಿಂದ ಕಾಲು ನೋಡಿದ್ಲು. ಮುಖ ಅಲ್ಲ, ಕಾಲು. ಕಾಲುವೆಯಲ್ಲಿ ಕಲ್ಲು ಬಿದ್ದು ಉಗುರು ಹೋದ ಆ ಹೆಬ್ಬೆರಳು ವೇದಸಂದೂರಿನಲ್ಲಿ ಎಲ್ಲರಿಗೂ ಗೊತ್ತು. "ಅಯ್ಯೋ ಮಾರೀ!" ಅಂತ ಸೆರಗು ತಲೆಮೇಲೆ ಎಳ್ಕೊಂಡು ಕಂಬಕ್ಕೆ ಅಂಟಿಕೊಂಡ್ಲು.

ಅವಳು ಮೂಕಮ್ಮಾಳ್. ಅಮುದಾಳ ಅಮ್ಮ. ಇವನ ಅತ್ತೆ.

ಈಗ ನಮ್ಮ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಹಳೇ ಮನೆತನದೋರಲ್ಲಿ ಅತ್ತೆ ಆದೋಳು ಮಾಪಿಳ್ಳೆ ಮುಖ ನೋಡೋಂಗಿಲ್ಲ. ಎದುರು ನಿಲ್ಲೋಂಗಿಲ್ಲ. ನೇರವಾಗಿ ಮಾತೂ ಆಡೋಂಗಿಲ್ಲ. ಹೇಳೋದಿದ್ರೆ ಗೋಡೆಗೋ, ಹಸೂಗೋ ಹೇಳಬೇಕು. ಮಾಪಿಳ್ಳೆ ಕಿವಿ ಇದ್ರೆ ಕೇಳ್ಕೋತಾನೆ. ಮೂಕಮ್ಮಾಳ್ ಆ ಮರ್ಯಾದೆಯಲ್ಲಿ ಒಂದು ಕೂದಲೂ ತಪ್ಪಿದೋಳಲ್ಲ. ಮದುವೆ ಆಗಿ ಹದಿನಾಲ್ಕು ವರ್ಷ ಆದ್ರೂ ಇವನಿಗೆ ಅತ್ತೆಯ ಹಿಂಭಾಗ ಬಿಟ್ಟು ಬೇರೇನೂ ಪರಿಚಯ ಇರಲಿಲ್ಲ. ಬೆನ್ನಲ್ಲಿ ಒಂದು ಮಚ್ಚೆ ಇದೆ ಅಂತ ಗೊತ್ತಿತ್ತು. ಮುಖ ಗೊತ್ತಿರಲಿಲ್ಲ.

"ಏನಾಯ್ತು ಸಾರ್? ಹಾವಾ?" ಅಂದ ವೇಲು.

"ಅತ್ತೆ," ಅಂದ ವಿಘ್ನೇಶ್ವರನ್.

ಸಭೆಯಲ್ಲಿ ಒಬ್ಬ, "ಹಾವೇ ವಾಸಿ" ಅಂದ.

ಇಬ್ಬರೂ ಓಡಿಹೋಗಬಹುದಿತ್ತು. ಆದ್ರೆ ಬಾಗಿಲು ಒಂದೇ, ಬಾಗಿಲಿಗೆ ಹೋಗಬೇಕಾದ್ರೆ ಇಬ್ಬರೂ ಎದುರಾಗಬೇಕು. ಹಂಗಾಗಿ ಇಬ್ಬರೂ ಕೂತೇ ಇದ್ದರು. ಕೊನೆಗೆ ಮೂಕಮ್ಮಾಳ್ ಬಾಯಿ ಬಿಟ್ಟಳು, ಕಂಬಕ್ಕೆ.

"ಏ ಕಂಬಾ. ಬಂದೋರು ಬಂದಾಯ್ತು. ಎದ್ದು ಹೋಗ್ಬೇಡ ಅಂತ ಹೇಳು. ಮೊದಲ ದಿನ ಎದ್ದು ಹೋದ್ರೆ ಸೀದಾ ಅಂಗಡಿಗೇ ಹೋಗೋದು. ನಂಗೆ ಗೊತ್ತು, ನಾನು ಹೋಗಿದ್ದೆ."

ವಿಘ್ನೇಶ್ವರನ್ ಬಿದ್ದ ಕುರ್ಚಿ ಎತ್ತಿ ಕೂತ. ಅವನೂ ಕಂಬಕ್ಕೇ ಹೇಳಿದ. "ಕೈ ನಡುಗುತ್ತೆ. ಕತ್ತರಿ ಹಿಡಿಯೋಕಾಗಲ್ಲ. ಭಯ ಆಗುತ್ತೆ."

"ಬೆಲ್ಲ ಇಟ್ಕೊಳ್ಳಾಕೆ ಹೇಳು ಕಂಬಾ. ಜೇಬಲ್ಲಿ. ನಡುಕ ಬಂದಾಗ ಬಾಯಿಗೆ ಹಾಕ್ಕೊಂಡು, ಯಾರ ಹತ್ರಾನಾದ್ರೂ ಮಾತಾಡ್ಲಿ. ಯಾರೂ ಇಲ್ಲಾಂದ್ರೆ…" ಅಂತ ನಿಲ್ಲಿಸಿದ್ಲು. "ನನ್ ಫೋನ್ ನಂಬರು ಕೊಡು."

ಅವತ್ತಿಂದ ಪ್ರತಿ ಗುರುವಾರ ಅವಳು ಮನೇಲಿ ಮೊಣಕಾಲು ನೋವಿನ ಡಾಕ್ಟ್ರು ಅಂತ ಹೇಳಿ, ಇವನು ತೋಟದ ಔಷಧಿ ಅಂತ ಹೇಳಿ, ಕಂಬಕ್ಕೆ ಆ ಕಡೆ ಒಬ್ಬರು ಈ ಕಡೆ ಒಬ್ಬರು. ಕಂಬಂ ಮಾಪಿಳ್ಳೆಗೆ ಕಂಬವೇ ಗತಿ ಅಂತ ವೇಲು ತಮಾಷೆ ಮಾಡ್ತಿದ್ದ.

ಫೋನಿಂದು ಇನ್ನೂ ವಿಚಿತ್ರ. ಫೋನಲ್ಲಿ ಮುಖ ಇಲ್ಲ, ಮೈ ಇಲ್ಲ, ಆದ್ರೂ ಮೂಕಮ್ಮಾಳ್ ನೇರವಾಗಿ ಮಾತಾಡಲಿಲ್ಲ. ಒಂದಿನ ಸಂಜೆ ಹಣ್ಣು ನೋಡೋಕೆ ಬಂದ ವ್ಯಾಪಾರಿ, ಬೆಳೆ ಚೆನ್ನಾಗಿದೆ ಅಂತ ಖುಷಿಗೆ ಒಂದು ಫುಲ್ ಬಾಟ್ಲಿ ಚಪ್ಪರದ ಕಂಬಿಗೆ ನೇತುಹಾಕಿ ಹೋದ. ಗೊಂಚಲು ಗೊಂಚಲು ದ್ರಾಕ್ಷಿ ಮಧ್ಯೆ ಅದೂ ಒಂದು ಹಣ್ಣಾದ ಗೊಂಚಲಂಗೆ ತೂಗಾಡ್ತಿತ್ತು. ವಿಘ್ನೇಶ್ವರನ್ ಅದರ ಕೆಳಗೆ ಕೂತು ಫೋನ್ ಮಾಡ್ದ. ಆಚೆ ಕಡೆಗೆ ಕೇಳಿಸಿದ್ದು ಬರೀ ಉಸಿರು.

"ಯಾರದು? ಮಾಪಿಳ್ಳೆ ಫೋನಾ? ಮಾಪಿಳ್ಳೆಗೆ ಹೇಳಿ," ಅಂದ್ಲು ಮೂಕಮ್ಮಾಳ್, ಯಾರಿಗೆ ಹೇಳಿದ್ಲೋ ದೇವರೇ ಬಲ್ಲ. "ಬಾಟ್ಲಿ ಎದುರಿಗಿದ್ಯಾ ಅಂತ ಕೇಳಿ."

"ಇದೆ."

"ಮುಟ್ಟಬೇಡ ಅಂತ ಹೇಳಿ. ಎತ್ತಿ ಎಸೀತೀನಿ ಅಂತಾನೂ ಮುಟ್ಟಬಾರ್ದು. ಎಸಿಯಾಕೆ ಅಂತ ಮುಟ್ಟಿ ನಾನು ಮೂರು ಸಲ ಕುಡಿದಿದೀನಿ. ಎದ್ದು ನಡೀಲಿ. ನಡೀತಾ ಇದ್ಯಾ ಅಂತ ಕೇಳಿ."

"ನಡೀತಾ ಇದೀನಿ."

ಮನೆ ಮುಟ್ಟೋ ತನಕ ಅವಳು ಮಾತಾಡ್ತಾನೇ ಇದ್ಲು. ಮಿಲ್ಲಿನ ಸುದ್ದಿ, ಪಕ್ಕದ ಮನೆ ಮೇಕೆ ತಪ್ಪಿಸ್ಕೊಂಡಿದ್ದು, ಅಮುದಾ ಅವರೆಕಾಯಿ ಸಾರು ಮಾಡಿ ಒಂದು ತಟ್ಟೆ ಜಾಸ್ತಿ ಇಟ್ಟು ಆಮೇಲೆ ತೆಗೆದಿಟ್ಟಿದ್ದು. ಹೆಸರಿಗೆ ಮೂಕಮ್ಮಾಳ್. ಆ ಸಂಜೆ ಅವಳ ಬಾಯಿ ನಿಂತಿದ್ರೆ ಇವನ ಕಾಲು ಹಿಂದಕ್ಕೆ ತಿರುಗ್ತಿತ್ತು.

ಆನಿ ತಿಂಗಳ ಕೊನೆಗೆ, ನಮ್ಮಲ್ಲಿ ಶುಭಕಾರ್ಯ ಮಾಡದ ಆಡಿ ಹುಟ್ಟೋಕೆ ಸ್ವಲ್ಪ ಮುಂಚೆ, ಕೊಯ್ಲು ಹತ್ರ ಬಂತು. ಒಂದು ತೊಟ್ಟೂ ಮುಟ್ಟಿರಲಿಲ್ಲ. ಕೈ ನಿಂತಿತ್ತು. ಸಾಕ್ಷಿ ಮಾತ್ರ ಇರಲಿಲ್ಲ.

ಗುರುವಾರ ಮೂಕಮ್ಮಾಳ್ ಕಂಬಕ್ಕೆ ಹೇಳಿದ್ಲು, "ಸಾಕ್ಷಿ ನಾನು ಹೇಳ್ತೀನಿ."

ವಿಘ್ನೇಶ್ವರನ ಕೈಯಲ್ಲಿದ್ದ ಟೀ ಚೆಲ್ಲಿತು. "ಬೇಡ ಅಂತ ಹೇಳು ಕಂಬಾ! ಎಲ್ಲಿ ನೋಡ್ದೆ ಅಂತ ಕೇಳಿದ್ರೆ ಏನಂತಾರೆ? ಇಲ್ಲಿಗೆ ಯಾಕೆ ಬಂದೆ ಅಂದ್ರೆ? ಓಮಕಷಾಯ ಎಲ್ಲ ಹೊರಗೆ ಬರುತ್ತೆ. ಅಮುದಾ ಮುಖ ಹೆಂಗೆ ನೋಡ್ತಾರೆ?"

"ನನ್ ಮಾನ ನಂದು. ನಾನ್ ಇಟ್ಟುಕೊಳ್ತೀನೋ ಬಿಡ್ತೀನೋ, ಮಾಪಿಳ್ಳೆಗೇನಂತೆ?"

ವೇಲು ಮಧ್ಯೆ ಬಂದ. ಅವರವರ ಕಥೆ ಅವರು ಎಲ್ಲಿ ಬೇಕಾದ್ರೂ ಹೇಳಬಹುದು, ಇನ್ನೊಬ್ಬರ ಕಥೆ ಹೇಳೋಕೆ ಅವರ ಒಪ್ಪಿಗೆ ಬೇಕು, ಇದು ಕೂಟದ ನಿಯಮ ಅಂದ. ವಿಘ್ನೇಶ್ವರನ್ ಚೆಲ್ಲಿದ ಟೀ ಒರೆಸಿ, ಒಪ್ಪಿಗೆ ಕೊಟ್ಟ. ಆಮೇಲೆ ಮೂರೂ ಜನ ಕೂತು ಮಹಾಯೋಜನೆ ಹಾಕಿದರು. ಕೊಯ್ಲು ಮುಗಿದ ಮರುದಿನವೇ ಸಭೆ. ಇವನು ಬಂದು ಸುಮ್ಮನೆ ಕೂರಬೇಕು. ಕಾಳಿಮುತ್ತು 'ಸಾಕ್ಷಿ ಯಾರು' ಅಂದಾಗ ಅವಳು ಎದ್ದು ನಿಲ್ಲಬೇಕು. ಎಲ್ಲಿ ಅಳಬೇಕು, ಎಲ್ಲಿ ಅಳಬಾರದು ಅಂತ ವೇಲು ಅಭ್ಯಾಸವನ್ನೂ ಮಾಡಿಸಿದ. ಅಡ್ಡ ಪ್ರಶ್ನೆಗೆಲ್ಲ ಉತ್ತರ ಸಿದ್ಧ ಆಗಿತ್ತು. ಎಲ್ಲ ಅಡ್ಡ ಪ್ರಶ್ನೆಗೂ ಅಂತ ಅವರು ಅಂದುಕೊಂಡಿದ್ದರು.

ಸಭೆಯ ದಿನ ವೇದಸಂದೂರಿನ ಅಂಗಳ ಕಿವಿ ಚುಚ್ಚಿದ ದಿನಕ್ಕಿಂತ ತುಂಬಿತ್ತು. ವಿಘ್ನೇಶ್ವರನ್ ಒಂದು ಬುಟ್ಟಿ ದ್ರಾಕ್ಷಿ ತಂದಿಟ್ಟು ಬೆಂಚಿನ ಮೇಲೆ ಕೂತ. ಅಮುದಾ ಹೊಸಿಲಲ್ಲಿ ನಿಂತಿದ್ಲು. ಅವಳ ಹಿಂದೆ ಒಂದು ಬ್ಯಾಗು ತುಂಬಿಸಿ ಜಿಪ್ ಎಳೆದು ಇಟ್ಟಿತ್ತು. ಅಂದ್ರೆ ಅವಳೂ ಕಾಯ್ತಿದ್ಲು, ಹೇಳ್ತಿರಲಿಲ್ಲ ಅಷ್ಟೇ.

"ಕವಾತಾಯ್ತು, ಕೊಯ್ಲಾಯ್ತು," ಅಂದರು ಕಾಳಿಮುತ್ತು. "ನಮ್ಮ ಕಡೆ ಸಾಕ್ಷಿ ಯಾರು?"

ಯಾರೂ ಏಳಲಿಲ್ಲ. ಶೆಡ್ಡಿನ ಕಡೆಯೋರು ಒಬ್ಬರ ಮುಖ ಒಬ್ಬರು ನೋಡಿದರು.

ಅಡುಗೆಮನೆ ಬಾಗಿಲಿಂದ ಮೂಕಮ್ಮಾಳ್ ಹೊರಗೆ ಬಂದ್ಲು. ಸೆರಗು ತಲೆಮೇಲೆ. ಮಾಪಿಳ್ಳೆಗೆ ಬೆನ್ನು ಹಾಕಿ, ಅಂಗಳದ ಮೂಲೆಯ ಒರಳುಕಲ್ಲಿನ ಎದುರು ನಿಂತ್ಲು.

"ಒರಳೇ, ನಾನು ಸಾಕ್ಷಿ."

"ನೀನಾ?" ಅಂದರು ಕಾಳಿಮುತ್ತು. "ನಿನಗೆ ಹೆಂಗಮ್ಮ ಗೊತ್ತು?"

ಹೇಳಿದ್ಲು. ಒಂದೂ ಬಿಡದೆ ಹೇಳಿದ್ಲು. ಪಿಳ್ಳೆ ಹೆತ್ತಾಗಿನ ಮುಚ್ಚಳ, ಮಿಲ್ಲು, ಹಿತ್ತಾಳೆ ಲೋಟ, ದಿಂಡಿಗಲ್ಲಿನ ಮಹಡಿ. ಅಳಬೇಕಾದ ಕಡೆ ಅಳಲಿಲ್ಲ. ಮಾಪಿಳ್ಳೆ ಕುಡಿಯದೇ ಇರೋ ಸುದ್ದಿ ಕೇಳೋಕೆ ಬಂದೋರಿಗೆ ಅತ್ತೆ ಕುಡೀತಿದ್ದ ಸುದ್ದಿ ಸಿಕ್ಕಿತು. ನಾದಿನಿಯರು ಸೆರಗು ಬಾಯಿಗೆ ಹಿಡಿದರು. ಅವಳ ಕಷಾಯ ಕೇಳಿ ಇಸ್ಕೊಂಡು ಮೊಮ್ಮಗನಿಗೆ ನೆಗಡಿಗೆ ಕುಡಿಸಿದ್ದ ಒಬ್ಬಳು ಅಲ್ಲೇ ಕುಸಿದು ಕೂತ್ಲು.

"ಅಮ್ಮಾ," ಅಂದ್ಲು ಅಮುದಾ. ಬಾಗಿಲ ಚೌಕಟ್ಟು ಹಿಡ್ಕೊಂಡ್ಲು. "ಪಿಳ್ಳೆ ಹೆತ್ತಾಗ ಅಂದ್ರೆ… ನನ್ನ ಹೆತ್ತಾಗಾ?"

"ನಿನ್ನ ತಪ್ಪಲ್ಲ ನನ್ ಕಣ್ಣೇ," ಅಂದ್ಲು ಮೂಕಮ್ಮಾಳ್, ಒರಳಿಗೆ ಅಲ್ಲ, ಮಗಳಿಗೇ. "ಈ ಬೆಳೆ ಪೂರ್ತಿ ಮಾಪಿಳ್ಳೆ ಮುಟ್ಟಿಲ್ಲ. ನಾನು ಇದ್ದೆ. ನಾನು ಹೇಳ್ತಾ ಇದೀನಿ."

ಅಮುದಾ ಕಣ್ಣು ಗಂಡನ ಕಡೆ ಹೋಯ್ತು. ಹಿಂದಕ್ಕೆ ಕೈಚಾಚಿ ಬ್ಯಾಗಿನ ಹಿಡಿ ಹುಡುಕಿದ್ಲು. ವಿಘ್ನೇಶ್ವರನ್ ಬೆಂಚಿನಿಂದ ಅರ್ಧ ಎದ್ದ.

"ನಿಲ್ಲಿ," ಅಂದರು ಕಾಳಿಮುತ್ತು. ಟವಲ್ ಹೆಗಲಿಂದ ತೊಡೆಗೆ ಬಂತು. ಜಡ್ಜಿನ ಬಾಗಿಲು ತೆಗೆದ ಕೈ ಮೇಲಕ್ಕೆ ಹೋಯ್ತು. "ಒಂದೇ ಒಂದು ವಿಷಯ. ಷರತ್ತಲ್ಲಿ ಕಣ್ಣಾರೆ ಅಂತ ಇದೆ. ಅಮುದಾ, ಇದೆಯೋ ಇಲ್ವೋ?"

"ಇದೆ ದೊಡ್ಡಪ್ಪ, ಆದ್ರೆ…"

"ಮೂಕಮ್ಮಾ. ಮಾಪಿಳ್ಳೆನ ನೋಡಿದ್ಯಾ?"

ಮೂಕಮ್ಮಾಳ್ ಮತ್ತೆ ಒರಳಿನ ಕಡೆ ತಿರುಗಿದ್ಲು. ನೋಡಿದೀನಿ ಅಂದ್ರೆ ಅತ್ತೆ ಮರ್ಯಾದೆ ಮುರೀತು. ನೋಡಿಲ್ಲ ಅಂದ್ರೆ ಸಾಕ್ಷಿ ಮುರೀತು. ವೇಲು ಈ ಪ್ರಶ್ನೆ ಅಭ್ಯಾಸ ಮಾಡಿಸಿರಲಿಲ್ಲ. ಒಂದು ಸುಳ್ಳು ಹೇಳಿಬಿಟ್ಟಿದ್ರೆ ಎಲ್ಲ ಮುಗೀತಿತ್ತು. ಆದ್ರೆ ಎರಡು ವರ್ಷದ ಹಿಂದೆ ಬಾಟ್ಲಿ ಜೊತೆ ಅವಳು ಅದನ್ನೂ ಬಿಟ್ಟಿದ್ಲು.

"ನೋಡಿಲ್ಲ ಭಾವ. ಕೇಳಿದೀನಿ. ಪ್ರತಿ ಗುರುವಾರ ಕೇಳಿದೀನಿ. ಕುಡಿದೋರ ದನಿ ನನಗೆ ಗೊತ್ತಿಲ್ವಾ? ಉಸಿರಲ್ಲೇ ಹೇಳ್ತೀನಿ."

"ದನಿ ಕಿವಿಗೆ ಸೇರಿದ್ದು. ಷರತ್ತು ಕಣ್ಣಿಗೆ ಸೇರಿದ್ದು."

"ನೋಡಬೇಕು, ಅಷ್ಟೇ ತಾನೆ?" ಅಂದ್ಲು ಮೂಕಮ್ಮಾಳ್.

ತಲೆ ಮೇಲಿನ ಸೆರಗು ಕೆಳಗಿಳಿಸಿದ್ಲು. ಒರಳು ಬಿಟ್ಟು ತಿರುಗಿದ್ಲು. ಅಂಗಳ ಪೂರ್ತಿ ನೋಡ್ತಾ ಇರೋವಾಗ ನಡೆದು ಬಂದು ಬೆಂಚಿನ ಮುಂದೆ ನಿಂತು, ಮಾಪಿಳ್ಳೆ ಮುಖ ನೆಟ್ಟಗೆ ನೋಡಿದ್ಲು. ಹೆಂಗಸರ ಕಡೆಯಿಂದ "ಅಯ್ಯಯ್ಯೋ" ಅಂತ ಒಂದೇ ಉಸಿರು ಬಂತು. ವಿಘ್ನೇಶ್ವರನ್ ಕೂಡ ಅವಳ ಮುಖ ಅವತ್ತೇ ನೋಡಿದ್ದು. ಅಮುದಾಳದೇ ಮುಖ, ಸ್ವಲ್ಪ ಸುಕ್ಕು ಜಾಸ್ತಿ. ಅವನು ಪೂರ್ತಿ ಎದ್ದು ಕೈ ಮುಗಿದ.

"ಕುಡಿದಿಲ್ಲ," ಅಂದ್ಲು ಮೂಕಮ್ಮಾಳ್, ಅವನ ಮುಖದಿಂದ ಕಣ್ಣು ತೆಗೀದೆ. "ಕಣ್ಣಾರೆ ನೋಡ್ದೆ. ಆಯ್ತಾ?"

ಕಾಳಿಮುತ್ತು ಕಣ್ಣು ಮುಚ್ಚಿದರು. ಒಳಗೆ ಹೈಕೋರ್ಟೇ ನಡೀತಿತ್ತು.

"ಸಾಕ್ಷಿ ಊರ್ಜಿತ," ಅಂದರು ಕೊನೆಗೆ.

ಅಮುದಾ ಬ್ಯಾಗು ಎತ್ತಿದ್ಲು.

"ಊರ್ಜಿತ, ಆದ್ರೆ ನೋಡಿದ ಹೊತ್ತಿಂದ. ಹಿಂದಿನದಕ್ಕೆ ಅನ್ವಯ ಇಲ್ಲ. ಕಣ್ಣು ಬಿದ್ದಿದ್ದು ಈಗ. ಅಂದ್ರೆ ಮಾಪಿಳ್ಳೆ ಕುಡಿಯೋದು ಬಿಟ್ಟಿದ್ದೂ ಈಗ."

"ದೊಡ್ಡಪ್ಪಾ, ನಿನ್ನೆ ತಾನೆ ಕೊಯ್ಲು ಮುಗಿಸಿದೀನಿ," ಅಂದ ವಿಘ್ನೇಶ್ವರನ್.

"ಅದು ಹಳೇ ಬೆಳೆ. ಮುಂದಿನ ಕವಾತಿಂದ ಹೊಸ ಬೆಳೆ ಶುರು."

"ಷರತ್ತು ಇಟ್ಟೋಳು ನಾನು!" ಅಂದ್ಲು ಅಮುದಾ. ಬ್ಯಾಗು ಕೆಳಗೆ ಕುಕ್ಕಿದ್ಲು. "ನಾನೇ ವಾಪಸ್ ತಗೋತೀನಿ."

"ತಗೋಬಹುದು. ಧಾರಾಳವಾಗಿ ತಗೋಬಹುದು," ಅಂದರು ಕಾಳಿಮುತ್ತು, ಟವಲ್ ಕೊಡವಿ ಊಟದ ಎಲೆ ಕಡೆಗೆ ಏಳ್ತಾ. "ಸಭೇಲಿ ಇಟ್ಟ ಷರತ್ತು ಸಭೇಲೇ ವಾಪಸ್ ತಗೋಬೇಕು. ಸಭೆ ಈಗ ಮುಗೀತು. ನಾಳೆ ಆಡಿ ತಿಂಗಳು ಹುಟ್ಟುತ್ತೆ, ಆಡಿಯಲ್ಲಿ ಸಭೆ ಸೇರೋಂಗಿಲ್ಲ."